ಸಕುರಾ ಹೂವಿನ ಸಿಹಿ: ಟೋಕಿಯೋ ಬಗೆಯೋ, ಒಸಾಕಾ ಬಗೆಯೋ, ಚೈನಾ ಗ್ರಾಸೋ?

ಸಕುರಾ ಅಂದರೆ ಚೆರ್ರಿ. ಜಪಾನಿನಲ್ಲಿ ಅದರ ಹೆಸರಿನ ಸಿಹಿ ಸಕುರಾಮೋಚಿ ಕೊಡಿ ಅಂತ ಕೇಳಿದರೆ ಎಲ್ಲಾ ಕಡೆ ಒಂದೇ ತಿಂಡಿ ಸಿಗುವುದಿಲ್ಲ. ಟೋಕಿಯೋ ಕಡೆ ತೆಳ್ಳಗಿನ ಮೈದಾ ಹಾಳೆಯಲ್ಲಿ ಸುತ್ತಿದ್ದು ಕೊಡುತ್ತಾರೆ. ಒಸಾಕಾ, ಕ್ಯೋಟೋ ಕಡೆ ಅಂಟಕ್ಕಿ ತರಿಯ ಉಂಡೆ. ಎರಡರ ಒಳಗೂ ಅಜುಕಿ ಎಂಬ ಸಣ್ಣ ಕೆಂಪು ಕಾಳಿನ ಸಿಹಿ ಹೂರಣ, ಮೇಲೆ ಉಪ್ಪಿನಲ್ಲಿ ಹಾಕಿಟ್ಟ ಚೆರ್ರಿ ಎಲೆ. ಯೊಕೊಹಾಮಾಗೆ ಬಂದ ಮೇಲೆ ಪ್ರತಿ ವಸಂತಕ್ಕೂ ಇವೆರಡನ್ನೂ, ಜೊತೆಗೆ ಹೂವಿನ ಜೆಲ್ಲಿಯನ್ನೂ ಮನೆಯಲ್ಲೇ ಮಾಡುತ್ತಿದ್ದೇನೆ. ಹೂವೂ ಪ್ಯಾಕೆಟ್ಟಿನದ್ದಲ್ಲ, ಮರದಿಂದ ಕಿತ್ತು ತಂದಿದ್ದು.

ಮೊದಲು ಯಾವ ಹೂವು ಅನ್ನುವುದನ್ನು ನೋಡೋಣ. ರುಚಿ ಅರ್ಧ ಇಲ್ಲೇ ತೀರ್ಮಾನ ಆಗಿಬಿಡುತ್ತದೆ.

ಮಾರ್ಚ್ ಕೊನೆಯಲ್ಲಿ ಊರೆಲ್ಲಾ ಅರಳುವುದು ಸೋಮೆಯೋಶಿನೋ ಎಂಬ ಜಾತಿಯ ಚೆರ್ರಿ. ಐದು ಎಸಳು, ಹೆಚ್ಚುಕಮ್ಮಿ ಬಿಳಿ. ಗುಬ್ಬಿಗಳು ಮಕರಂದಕ್ಕಾಗಿ ಇದರ ಬುಡ ಕಚ್ಚುತ್ತವೆ, ಇಡೀ ಹೂವು ಗಿರಗಿರನೆ ತಿರುಗುತ್ತಾ ಕೆಳಗೆ ಬೀಳುತ್ತದೆ. ಆಯ್ದುಕೊಳ್ಳೋಣ ಅಂತ ಆಸೆ ಆಗುತ್ತದೆ, ಆದರೆ ತೊಟ್ಟಿರುವುದಿಲ್ಲ. ಎಸಳು ತೀರಾ ತೆಳು, ಉಪ್ಪು ತಾಗಿದರೆ ಮುದ್ದೆಯಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ನೋಡುವುದಕ್ಕೆ ಮಾತ್ರ ಇದು.

ಅಡುಗೆಗೆ ಬೇಕಾದದ್ದು ಎರಡು ಮೂರು ವಾರ ತಡವಾಗಿ, ಏಪ್ರಿಲ್‌ನಲ್ಲಿ ಬಿಡುವ ಯಾಯೆಜಕುರಾ, ಅಂದರೆ ಸುತ್ತು ಸುತ್ತು ಎಸಳಿನ ಚೆರ್ರಿ. ಅದರಲ್ಲೂ ಕಾನ್‌ಜಾನ್ ಎಂಬ ಜಾತಿ. ಒಂದೊಂದು ಹೂವಿಗೂ 20ಕ್ಕಿಂತ ಜಾಸ್ತಿ ಎಸಳು, ಕಡು ಗುಲಾಬಿ ಬಣ್ಣ, ಉದ್ದ ತೊಟ್ಟು. ಕನಗಾವಾದ ಹದಾನೊ ಊರು ಉಪ್ಪು ಹೂವಿಗೆಂದೇ ಇದನ್ನು ಬೆಳೆಯುವುದಕ್ಕೆ ಹೆಸರಾಗಿದೆ. ಪಾರ್ಕಿನ ಮರಕ್ಕೆ ಕೈ ಹಾಕಬೇಡಿ. ಬೀದಿ ಬದಿಯ ಮರಕ್ಕೆ ಔಷಧಿ ಹೊಡೆದಿರಬಹುದು, ಅದೂ ಬೇಡ. ನಮ್ಮ ಪಕ್ಕದ ಮನೆಯ ಅಜ್ಜಿಯ ಹಿತ್ತಲಲ್ಲಿ ಒಂದು ಮರ ಇದೆ. ಅವರನ್ನು ಕೇಳಿಯೇ ಕೀಳುತ್ತೇನೆ. ಕೊಂಬೆ ಮಾತ್ರ ಮುರಿಯಬೇಡ ಅಂತ ಅಜ್ಜಿ ಪ್ರತಿ ಸಲ ಹೇಳುತ್ತಾರೆ. ಸಕುರಾ ಕಡಿಯುವವನು ಪೆದ್ದ, ಉಮೆ (ಜಪಾನಿನ ಹುಳಿ ಪ್ಲಮ್) ಕಡಿಯದವನೂ ಪೆದ್ದ ಅಂತ ಇಲ್ಲಿ ಗಾದೆಯೇ ಇದೆ. ಕಡಿದ ಜಾಗದಿಂದ ಚೆರ್ರಿ ಮರ ಬೇಗ ಕೊಳೆಯುತ್ತದೆ.

ಹೂವು ಪೂರ್ತಿ ಅರಳಿರಬಾರದು, ಮುಕ್ಕಾಲು ಅರಳಿದ್ದರೆ ಸಾಕು. ತೊಟ್ಟು ಸಮೇತ ಕಿತ್ತು, ಮೆಲ್ಲಗೆ ತೊಳೆದು, ನೀರು ಒರೆಸಿ. 100 ಗ್ರಾಂ ಹೂವಿಗೆ 20 ಗ್ರಾಂ ಉಪ್ಪು ಹಾಕಿ, ಮೇಲೆ ಭಾರ ಇಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಬಿಟ್ಟ ನೀರನ್ನು ಹಿಂಡಿ ತೆಗೆದು, ಎರಡು ಮೂರು ಚಮಚ ಉಮೆಝು ಹಾಕಿ ಮೂರು ದಿನ ಇಡಿ. ಉಮೆ ಕಾಯಿಗೆ ಉಪ್ಪು ಹಾಕಿದಾಗ ಬಿಟ್ಟುಕೊಳ್ಳುವ ಹುಳಿ ನೀರೇ ಉಮೆಝು. ಹುಳಿ ತಾಗುತ್ತಿದ್ದಂತೆ ಮಂಕಾಗಿದ್ದ ಹೂವು ಮತ್ತೆ ಕಡು ಗುಲಾಬಿ ಆಗುತ್ತದೆ. ನಿಂಬೆರಸವೂ ಬಣ್ಣ ತರುತ್ತದೆ, ಆದರೆ ಅದರ ವಾಸನೆ ಹೂವನ್ನು ಮುಚ್ಚಿಬಿಡುತ್ತದೆ. ಆಮೇಲೆ ನೆರಳಲ್ಲಿ ಒಣಗಿಸಿ, ಒಣ ಉಪ್ಪು ಬೆರೆಸಿ ಬಾಟಲಿಗೆ ತುಂಬಿದರೆ ಮುಂದಿನ ವಸಂತದವರೆಗೂ ಬರುತ್ತದೆ.

ಸಕುರಾಮೋಚಿಯ ಆ ಘಮ ತಾಜಾ ಹೂವಲ್ಲೂ ಇಲ್ಲ, ತಾಜಾ ಎಲೆಯಲ್ಲೂ ಇಲ್ಲ. ಉಪ್ಪಿನಲ್ಲಿ ಕೂತ ಮೇಲೆ ಕೂಮರಿನ್ ಎಂಬ ಅಂಶ ಬಿಡುಗಡೆಯಾಗಿ ಬರುವ ವಾಸನೆ ಅದು. ಎಲೆಯನ್ನು ಮಾತ್ರ ನಾನು ಕೊಂಡೇ ತರುತ್ತೇನೆ. ಇಜು ಕಡೆಯ ಮತ್ಸುಝಾಕಿಯಲ್ಲಿ ಓಶಿಮಾ ಜಾತಿಯ ಚೆರ್ರಿಯನ್ನು ಎಲೆಗೆಂದೇ ಬೆಳೆದು, ದೊಡ್ಡ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಉಪ್ಪಲ್ಲಿ ಇಡುತ್ತಾರೆ. ಆ ಮೃದು, ಆ ಘಮ ಮನೆಯ ಬಾಟಲಿಯಲ್ಲಿ ಬರುವುದಿಲ್ಲ.

ಈಗ ತಿಂಡಿಗೆ ಬರೋಣ. ಟೋಕಿಯೋ ಬಗೆಗೆ ಚೋಮೇಜಿ ಅಂತ ಹೆಸರು. 1717ರಲ್ಲಿ ಸುಮಿದಾ ನದಿ ದಡದ ಚೋಮೇಜಿ ದೇವಾಲಯದ ಕಾವಲುಗಾರ ಯಾಮಾಮೊತೊ ಶಿನ್‌ರೊಕು ಶುರುಮಾಡಿದ್ದು. ಉದುರಿದ ಚೆರ್ರಿ ಎಲೆ ಗುಡಿಸಿ ಸಾಕಾಗಿ ಅದನ್ನು ಉಪ್ಪಿಗೆ ಹಾಕಿದ ಅಂತ ಕಥೆ. ಆ ಅಂಗಡಿ ಈಗಲೂ ಅಲ್ಲೇ ಇದೆ. 50 ಗ್ರಾಂ ಮೈದಾ, 10 ಗ್ರಾಂ ಅಂಟಕ್ಕಿ ಹಿಟ್ಟು, 20 ಗ್ರಾಂ ಸಕ್ಕರೆ, ನೂರು ಎಂಎಲ್‌ಗಿಂತ ಸ್ವಲ್ಪ ಕಡಿಮೆ ನೀರು. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಹುಯ್ಯಬೇಕು. ನೀರ್ ದೋಸೆಯ ಹಾಗೆ ಎಲ್ಲೂ ಕೆಂಪಾಗದೆ ಬೇಯಬೇಕು. ದೋಸೆ ಹುಯ್ದು ಅಭ್ಯಾಸ ಇರುವವರಿಗೆ ಇದೇ ಎಲ್ಲಕ್ಕಿಂತ ಸುಲಭ. ಸಾಮಾನಿಗೂ ಅಲೆಯಬೇಕಿಲ್ಲ. ಆದರೆ ತಿನ್ನುವಾಗ ಹೂರಣವೇ ಮುಂದೆ ಬರುತ್ತದೆ, ಹೂವು ಬರೀ ಅಲಂಕಾರ ಅನ್ನಿಸುತ್ತದೆ. ಹಾಳೆಯ ಅಂಚೂ ಬೇಗ ಒಣಗುತ್ತದೆ.

ಒಸಾಕಾ ಬಗೆ ದೋಮ್ಯೋಜಿ. ಅಲ್ಲಿನ ಸನ್ಯಾಸಿನಿಯರ ಮಠವೊಂದರ ಹೆಸರು ಅದು. ಅಂಟಕ್ಕಿಯನ್ನು ಬೇಯಿಸಿ, ಒಣಗಿಸಿ, ತರಿ ಮಾಡಿಡುವ ಪದ್ಧತಿ ಅಲ್ಲಿಂದ ಬಂದದ್ದು. 100 ಗ್ರಾಂ ತರಿಗೆ 150 ಎಂಎಲ್ ನೀರು, 30 ಗ್ರಾಂ ಸಕ್ಕರೆ ಸಾಕು. ನಾನು ನೀರಿನ ಜೊತೆ ಉಪ್ಪು ಬಿಡಿಸಿದ ಎರಡು ಹೂವನ್ನು ಹೆಚ್ಚಿ ಹಾಕುತ್ತೇನೆ. ಹದಿನೈದು ನಿಮಿಷ ಹಬೆಯಲ್ಲಿ ಬೆಂದ ಮೇಲೆ ಮುಚ್ಚಳ ತೆಗೆದರೆ ಘಮ ಅಡುಗೆಮನೆ ದಾಟಿ ಹೊರಗೆ ಬರುತ್ತದೆ. ಬೆಂದ ತರಿ ಒಂದೊಂದೂ ಗಾಜಿನ ಹಾಗೆ ಪಾರದರ್ಶಕ, ನಡುವೆ ಗುಲಾಬಿ ಚೂರುಗಳು. ಕೈಗೆ ನೀರು ಮಾಡಿಕೊಂಡು ತಟ್ಟಿ, ಒಳಗೆ ಹೂರಣ ಇಟ್ಟು ಮುಚ್ಚಿ, ಎಲೆ ಸುತ್ತಬೇಕು. ಬಾಯಲ್ಲಿ ಮೊದಲು ಉಪ್ಪು, ಆಮೇಲೆ ಸಿಹಿ, ಆಮೇಲೆ ಆ ವಾಸನೆ. ತರಿ ಹೂವಿನ ಉಪ್ಪನ್ನು ಹೀರಿಕೊಂಡಿರುತ್ತದೆ, ಅದಕ್ಕೇ ಹೂವು ಪ್ರತಿ ತುತ್ತಲ್ಲೂ ಇರುತ್ತದೆ. ಕಷ್ಟಪಟ್ಟು ಕಿತ್ತು ತಂದ ಹೂವಿಗೆ ನ್ಯಾಯ ಸಿಗುವುದು ಇಲ್ಲೇ. ಎಲೆ ಸಮೇತ ತಿನ್ನಿ ಅಂತ ನಾನು ಹೇಳುತ್ತೇನೆ. ನಮ್ಮ ಮನೆಯವರು ತೆಗೆದಿಟ್ಟು ತಿನ್ನುತ್ತಾರೆ.

ಮೂರನೆಯದು ಕಾಂತೆನ್, ಅಂದರೆ ನಮ್ಮಲ್ಲಿ ಚೈನಾ ಗ್ರಾಸ್ ಅಂತ ಸಿಗುವ ಕಡಲಪಾಚಿಯ ಸಾರ. ಜೆಲಾಟಿನ್ ತಿನ್ನದವರಿಗೂ ನಡೆಯುತ್ತದೆ. 500 ಎಂಎಲ್ ನೀರಿಗೆ 4 ಗ್ರಾಂ ಪುಡಿ ಹಾಕಿ ಎರಡು ನಿಮಿಷ ಚೆನ್ನಾಗಿ ಕುದಿಸಿ. ಕೆಳಗೆ ಬಿಳಿ ಹುರುಳಿಕಾಯಿ ಬೀಜದ ಸಿಹಿ ಪದರ, ಮೇಲೆ ತಿಳಿ ಪದರ, ಅದರಲ್ಲಿ ಹೂವು. ಕೆಳಪದರ ಮೇಲ್ಮೈಯಲ್ಲಿ ಕೆನೆಗಟ್ಟಿ ಇನ್ನೂ ಅಲುಗುತ್ತಿರುವಾಗಲೇ ಮೇಲಿನದ್ದನ್ನು ಹುಯ್ಯಬೇಕು. ಪೂರ್ತಿ ಗಟ್ಟಿಯಾದರೆ ಕತ್ತರಿಸುವಾಗ ಪದರಗಳು ಬೇರೆ ಬೇರೆ ಜಾರುತ್ತವೆ. ಚೆಂದದಲ್ಲಿ ಇದಕ್ಕೆ ಸಾಟಿ ಇಲ್ಲ. ರುಚಿಯಲ್ಲಿ ಮಾತ್ರ ತಣ್ಣಗಿನ ಸಿಹಿ, ಅಷ್ಟೇ. ಮಕ್ಕಳಿಗೆ, ನೆಂಟರು ಬಂದಾಗ ಮಾಡುತ್ತೇನೆ.

ಹೂವಿನ ಉಪ್ಪು ಬಿಡಿಸುವುದು ಮೂರಕ್ಕೂ ಒಂದೇ. ತಣ್ಣೀರಲ್ಲಿ ಇಪ್ಪತ್ತು ನಿಮಿಷ, ನಡುವೆ ಒಮ್ಮೆ ನೀರು ಬದಲಿಸಿ. ಪೂರ್ತಿ ಉಪ್ಪು ತೆಗೆದರೆ ಘಮವೂ ಹೋಗುತ್ತದೆ, ನಾಲಿಗೆಗೆ ಸ್ವಲ್ಪ ತಾಗಬೇಕು.

ಒಂದೇ ಮಾಡುವಷ್ಟು ಹೊತ್ತಿದ್ದರೆ ದೋಮ್ಯೋಜಿ ಮಾಡಿ, ಅದೇ ದಿನ ತಿಂದು ಮುಗಿಸಿ. ಫ್ರಿಜ್ಜಿಗೆ ಹೋದರೆ ಅನ್ನ ಗಡುಸಾಗುತ್ತದೆ. ಬೆಂಗಳೂರಿನ ಗೆಳತಿಯರು ನಮ್ಮ ರಸ್ತೆಯ ಗುಲಾಬಿ ಹೂವು ಆಗುತ್ತಾ ಅಂತ ಕೇಳುತ್ತಾರೆ. ಅದು ಟಬೆಬುಯಾ, ಚೆರ್ರಿಗೂ ಅದಕ್ಕೂ ಸಂಬಂಧ ಇಲ್ಲ, ಅಡುಗೆಗೆ ಬಳಸಬೇಡಿ. ಅಲ್ಲಿದ್ದುಕೊಂಡು ಮಾಡುವವರು ಜಪಾನಿನಿಂದ ಬರುವವರ ಹತ್ತಿರ ಉಪ್ಪು ಹೂವಿನ ಒಂದು ಪ್ಯಾಕೆಟ್ ತರಿಸಿಕೊಳ್ಳಿ. ಹಗುರ ಇರುತ್ತದೆ, ಕೆಡುವುದೂ ಇಲ್ಲ.