ಗಂಬೊಗೆ ಬೆಂಡೆಕಾಯಿಯೋ, ಫಿಲೇಯೋ, ರೂನೋ? ನನ್ನ ವೋಟು ಬೆಂಡೆಕಾಯಿಗೆ

ಮೊದಲೇ ಹೇಳಿಬಿಡುತ್ತೇನೆ, ಗಂಬೊ ಅನ್ನುವ ಗಟ್ಟಿ ಸಾರನ್ನು ಗಟ್ಟಿ ಮಾಡುವುದಕ್ಕೆ ನಮ್ಮ ಮನೆಯಲ್ಲಿ ಬೀಳುವುದು ಬೆಂಡೆಕಾಯಿಯೇ. ದುಡ್ಡು ಕೊಟ್ಟು ತರಿಸಿದ ಫಿಲೇ ಅನ್ನುವ ಒಣ ಎಲೆಯ ಪುಡಿ ಮಸಾಲೆ ಡಬ್ಬಿಗಳ ಹಿಂದೆ ಹೋಗಿ ಕೂತಿದೆ. ರೂ, ಅಂದರೆ ಎಣ್ಣೆಯಲ್ಲಿ ಮೈದಾ, ಹುರಿಯುವುದು ಚಳಿಗಾಲದ ಭಾನುವಾರಗಳಲ್ಲಿ ಮಾತ್ರ. ಅಮೆರಿಕದ ಟೆಕ್ಸಸ್‌ನಲ್ಲಿರುವ ನಮ್ಮ ಹ್ಯೂಸ್ಟನ್ನಿಗೆ ಹೊಸದಾಗಿ ಬಂದ ನಮ್ಮವರು ಹೋಟೆಲಿನಲ್ಲಿ ಗಂಬೊ ತಿಂದು, "ಮನೆಯಲ್ಲಿ ಮಾಡಿದರೆ ನೀರುನೀರಾಗುತ್ತೆ, ಏನು ಹಾಕಬೇಕು" ಅಂತ ಕೇಳುತ್ತಿರುತ್ತಾರೆ. ಮೂರನ್ನೂ ಮಾಡಿ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಗಂಬೊ ಪಕ್ಕದ ಲೂಯಿಸಿಯಾನಾದ ಅಡುಗೆ. ಅನ್ನದ ಮೇಲೆ ಸುರಿದುಕೊಂಡು ತಿನ್ನುವುದು. 2004ರಲ್ಲಿ ಆ ರಾಜ್ಯ ಇದನ್ನು ತನ್ನ ಅಧಿಕೃತ ಅಡುಗೆ ಅಂತಲೇ ಘೋಷಿಸಿತು. ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ ಹಾಕುವುದರಲ್ಲಿ ಯಾರಿಗೂ ತಕರಾರಿಲ್ಲ. ವಾದ ಇರುವುದೆಲ್ಲ ಗಟ್ಟಿ ಮಾಡುವುದು ಯಾವುದರಿಂದ ಅನ್ನುವುದರಲ್ಲಿ. ಈ ಮೂರರ ಹಿಂದೆ ಮೂರು ಜನಾಂಗಗಳಿವೆ. ಬೆಂಡೆಕಾಯಿ ಅಲ್ಲಿಗೆ ಹೋಗಿದ್ದು ಗುಲಾಮರಾಗಿ ಹಿಡಿದು ತಂದ ಪಶ್ಚಿಮ ಆಫ್ರಿಕಾದವರ ಜೊತೆ. ಸ್ಯಾಸಫ್ರಾಸ್ ಮರದ ಎಲೆ ಒಣಗಿಸಿ ಪುಡಿ ಮಾಡಿದರೆ ಅದೇ ಫಿಲೇ. ಅದು ಆ ನೆಲದ ಮೂಲ ಜನರಾದ ಚಾಕ್ಟಾಗಳದ್ದು. ನ್ಯೂ ಆರ್ಲಿಯನ್ಸ್‌ನ ಫ್ರೆಂಚ್ ಮಾರ್ಕೆಟ್ಟಿಗೆ ಅವರೇ ತಂದು ಮಾರುತ್ತಿದ್ದರು. ಮೈದಾವನ್ನು ಎಣ್ಣೆಯಲ್ಲಿ ಹುರಿಯುವ ರೂ ಫ್ರೆಂಚ್ ಅಡುಗೆಮನೆಯದ್ದು. 1755ರಿಂದ ಬ್ರಿಟಿಷರು ಈಗಿನ ಕೆನಡಾದ ನೋವಾ ಸ್ಕೋಷಿಯಾದಿಂದ ಹೊರದಬ್ಬಿದ ಫ್ರೆಂಚ್ ಮೂಲದ ಅಕೇಡಿಯನ್ನರಲ್ಲಿ ಎಷ್ಟೋ ಜನ ಲೂಯಿಸಿಯಾನಾಗೆ ಬಂದು ನೆಲೆಸಿದರು. ಅವರ ಮಕ್ಕಳು ಮರಿಗಳೇ ಇವತ್ತಿನ ಕೇಜನ್ನರು. ರೂವನ್ನು ಕಪ್ಪಗಾಗುವ ತನಕ ಹುರಿದು ತಮ್ಮದು ಮಾಡಿಕೊಂಡವರು ಅವರು.

ಈಗ ಫಿಲೇ ವಿಷಯ. ನನಗೆ ತಲೆನೋವಾಗಿದ್ದು ಇದೇ.

ಮಾಡಿದ ದಿನ ಬಹಳ ಚೆನ್ನಾಗಿತ್ತು. ಒಣ ಎಲೆಯ, ಮಣ್ಣಿನ ಘಮ, ಸಾರಿಗೆ ಒಂದು ನುಣುಪು. ನಮ್ಮ ಮನೆಯವರು ಎರಡನೇ ಸಲ ಹಾಕಿಸಿಕೊಂಡರು. ಮಾರನೇ ದಿನ ಡಬ್ಬಿಗೆ ಹಾಕೋಣ ಅಂತ ಮಿಕ್ಕಿದ್ದನ್ನು ಒಲೆ ಮೇಲೆ ಇಟ್ಟು ಕುದಿಸಿದೆ. ಸೌಟು ಮೇಲೆತ್ತಿದರೆ ಒಂದೆಳೆ ಪಾಕದ ಹಾಗೆ ಸಾರು ನೂಲು ನೂಲಾಗಿ ಬರುತ್ತಿದೆ. ನೀರು ಹಾಕಿದರೂ ಹೋಗಲಿಲ್ಲ, ಸೋಸಿದರೂ ಹೋಗಲಿಲ್ಲ. ರುಚಿ ಕೆಟ್ಟಿರಲಿಲ್ಲ, ಆದರೆ ಮಕ್ಕಳು ಬಾಯಿಗೇ ಇಡಲಿಲ್ಲ.

ಪಕ್ಕದ ಮನೆಯ ಅಜ್ಜಿ ಲೂಯಿಸಿಯಾನಾದ ಓಪೆಲೂಸಸ್ ಕಡೆಯವರು, ಕ್ರಿಯೋಲ್ ಅಂದರೆ ಫ್ರೆಂಚ್, ಆಫ್ರಿಕನ್ ಬೇರುಗಳು ಕೂಡಿದ ಅಲ್ಲಿನ ಹಳೆಯ ಮನೆತನದವರು. ಅವರನ್ನು ಕೇಳಿದೆ. ಫಿಲೇ ಕುದಿಯಲೇಬಾರದಂತೆ. ಒಲೆ ಆರಿಸಿದ ಮೇಲೆ ಹಾಕಬೇಕು, ಇಲ್ಲವೇ ಉಪ್ಪಿನ ಹಾಗೆ ಮೇಜಿನ ಮೇಲಿಟ್ಟು ಅವರವರ ಬಟ್ಟಲಿಗೆ ಅವರವರು ಹಾಕಿಕೊಳ್ಳಬೇಕು. ನಾನೂ ಒಲೆ ಆರಿಸಿಯೇ ಹಾಕಿದ್ದೆ. ಆದರೆ ಮತ್ತೆ ಬಿಸಿ ಮಾಡುವುದೂ ಕುದಿಸಿದ ಲೆಕ್ಕವೇ. ಎಲೆಯಲ್ಲಿರುವ ಲೋಳೆ ಕುದಿತಕ್ಕೆ ನೂಲಾಗಿಬಿಡುತ್ತದೆ. ಸರಿ ಅಂತ ಮೇಜಿನ ಮೇಲಿಟ್ಟು ನೋಡಿದೆವು. ಸಾರು ಸ್ವಲ್ಪ ಆರಿದ್ದರೆ ಪುಡಿ ಮೇಲೇ ಗಂಟು ಕಟ್ಟುತ್ತದೆ. ಬಿಸಿ ಇದ್ದಾಗ ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾ ಕಲಸಿದರೆ ಕೂಡಿಕೊಳ್ಳುತ್ತದೆ. ಅಷ್ಟು ತಾಳ್ಮೆ ನಮ್ಮ ಮನೆಯ ಊಟದ ಹೊತ್ತಿನಲ್ಲಿ ಯಾರಿಗೂ ಇಲ್ಲ.

ಇನ್ನೊಂದು, ಪುಡಿಯ ವಯಸ್ಸು. ಆನ್‌ಲೈನಿನಲ್ಲಿ ತರಿಸಿದ ನನ್ನ ಬಾಟಲಿ ಬಂದಾಗಲೇ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಪಾತ್ರೆಗೆ ಬೇಕಾಗುವುದು ಒಂದೆರಡು ಚಮಚ, ಉಳಿದದ್ದು ಘಮ ಕಳೆದುಕೊಳ್ಳುತ್ತಾ ಕೂತಿರುತ್ತದೆ. ಅಜ್ಜಿ ತಮ್ಮ ಊರಿನಿಂದ ಬಂದ ಫಿಲೇಯನ್ನು ಕಾಗದದಲ್ಲಿ ಕಟ್ಟಿ ಒಂದು ಚಮಚ ಕೊಟ್ಟರು. ಆಗಲೇ ಗೊತ್ತಾಗಿದ್ದು, ಒಳ್ಳೆ ಫಿಲೇ ಹಸಿರಾಗಿ, ಪೌಡರಿನಷ್ಟು ನಯವಾಗಿ ಇರುತ್ತದೆ ಅಂತ. ಬ್ಯಾಟನ್ ರೂಜ್‌ನ ಲಯನಲ್ ಕೀ ಅನ್ನುವವರು ಮನೆಯ ಹಿರಿಯರಿಂದ ಕಲಿತು, ಮರದ ಒರಳಿನಲ್ಲಿ ಎಲೆ ಕುಟ್ಟಿ ಫಿಲೇ ಮಾಡಿ ಹೆಸರಾಗಿದ್ದರು. ಅಂಥ ಕೈಯ ಪುಡಿ ಪಕ್ಕದಲ್ಲೇ ಸಿಗುವ ಹಾಗಿದ್ದರೆ ನನ್ನ ತೀರ್ಮಾನ ಸ್ವಲ್ಪ ಬದಲಾಗುತ್ತಿತ್ತೇನೋ.

ಸ್ಯಾಸಫ್ರಾಸ್ ನಿಷೇಧ ಆಗಿದೆಯಲ್ವಾ ಅಂತ ಕೇಳುವವರಿಗೆ: 1960ರಲ್ಲಿ ಅಮೆರಿಕ ಸರ್ಕಾರ ತಡೆದದ್ದು ಬೇರಿನ ಎಣ್ಣೆಯಲ್ಲಿರುವ ಸ್ಯಾಫ್ರೋಲ್ ಅನ್ನುವ ರಾಸಾಯನಿಕವನ್ನು. ಎಲೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಪುಡಿ ಅಂಗಡಿಯಲ್ಲೇ ಸಿಗುತ್ತದೆ.

ರುಚಿ ಒಂದನ್ನೇ ನೋಡಿದರೆ ರೂ ಗೆಲ್ಲುತ್ತದೆ. ಎಣ್ಣೆ, ಮೈದಾ ಸಮಸಮ. ದಪ್ಪ ತಳದ ಕಬ್ಬಿಣದ ಪಾತ್ರೆಯಲ್ಲಿ ಚಾಕೊಲೇಟ್ ಬಣ್ಣ ಬರುವವರೆಗೆ ಕೈಯಾಡಿಸುತ್ತಲೇ ಇರಬೇಕು. ಮುಕ್ಕಾಲು ಗಂಟೆ ಸುಲಭವಾಗಿ ಹೋಗುತ್ತದೆ. ಒಂದು ಕಪ್ಪು ಚುಕ್ಕೆ ಕಂಡರೂ ಸೀದಿದೆ ಅಂತ ಅರ್ಥ, ಚೆಲ್ಲಿ ಹೊಸದಾಗಿ ಶುರು ಮಾಡಬೇಕು. ಫೋನ್ ಬಂದರೂ ಎತ್ತುವ ಹಾಗಿಲ್ಲ. ಹೆಚ್ಚು ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಮೈದಾ ಕಪ್ಪಗಾದಷ್ಟೂ ಗಟ್ಟಿ ಮಾಡುವ ಶಕ್ತಿ ಕಳೆದುಕೊಳ್ಳುತ್ತದೆ. ಕಪ್ಪು ರೂ ಕೊಡುವುದು ಹೆಚ್ಚಾಗಿ ರುಚಿ. ಅದಕ್ಕೇ ಕೇಜನ್ನರ ಕೋಳಿ ಮತ್ತು ಆಂಡೂಯಿ ಅನ್ನುವ ಹೊಗೆ ಹಾಕಿದ ಹಂದಿ ಸಾಸೇಜಿನ ಗಂಬೊ ಬಣ್ಣದಲ್ಲಿ ಕಡುಗಪ್ಪು, ಹದದಲ್ಲಿ ತೆಳು. ಮಾಮೂ, ಚರ್ಚ್ ಪಾಯಿಂಟ್‌ನಂಥ ಕೇಜನ್ನರ ಊರುಗಳಲ್ಲಿ ಮಾರ್ಡಿ ಗ್ರಾ ದಿನ, ಅಂದರೆ ಕ್ರೈಸ್ತರ ಲೆಂಟ್ ಉಪವಾಸಕ್ಕೆ ಮುಂಚಿನ ಹಬ್ಬದ ದಿನ, ಮುಖವಾಡ ಹಾಕಿದವರು ಮನೆ ಮನೆಗೆ ಹೋಗಿ ಗಂಬೊಗೆ ಸಾಮಾನು ಬೇಡುತ್ತಾರೆ. ಮನೆಯವರು ಕೋಳಿ ಬಿಟ್ಟರೆ ಓಡಿ ಹಿಡಿಯುತ್ತಾರೆ, ಕೊನೆಗೆ ಊರಿಗೆಲ್ಲ ಗಂಬೊ ಬೇಯುತ್ತದೆ. ಅಂಥ ದೊಡ್ಡ ಅಡುಗೆಗೆ ರೂನೇ ಸರಿ. ಕೆಲಸ ಮುಗಿಸಿ ಬಂದು ಮಾಡುವ ರಾತ್ರಿ ಊಟಕ್ಕಲ್ಲ. ಬಾಟಲಿ ರೂ ಸಿಗುತ್ತದೆ, ಪರವಾಗಿಲ್ಲ.

ಇನ್ನು ಬೆಂಡೆಕಾಯಿ. ಇದರ ಲೋಳೆ ಕಂಡು ಹೆದರುವವರು ಬೇರೆಯವರು, ನಮಗೆ ಅದನ್ನು ಹದಕ್ಕೆ ತರುವುದು ಅಮ್ಮನ ಮನೆಯಿಂದಲೇ ಗೊತ್ತು. ಬಿಲ್ಲೆ ಹೆಚ್ಚಿ ಅಗಲ ಬಾಣಲೆಯಲ್ಲಿ ಮುಚ್ಚಳ ಹಾಕದೆ ಹುರಿಯಿರಿ. ಲೋಳೆ ಎಳೆಎಳೆಯಾಗಿ ಬರುವುದು ನಿಂತ ಮೇಲೆ ಟೊಮೆಟೊ ಹಾಕಿ. ಆಮೇಲೆ ಸಾರಿಗೆ ಸೇರಿಸಿ, ಕಾಯಿ ಕರಗುವಷ್ಟು ಬೇಯಿಸಿ. ಅಜ್ಜಿ ಹೇಳಿದ ಒಂದು ಮಾತು ಮಾತ್ರ ನನಗೆ ಹೊಸದು: ಕಬ್ಬಿಣದ ಪಾತ್ರೆ ಬೇಡ, ಬೆಂಡೆ ಕಪ್ಪಾಗುತ್ತದೆ. ಅವರ ಕಡೆ ಇದಕ್ಕೆ ಮ್ಯಾಗ್ನಲೈಟ್ ಅನ್ನುವ ದಪ್ಪ ಅಲ್ಯೂಮಿನಿಯಂ ಪಾತ್ರೆ. ಬೇಸಿಗೆಯಲ್ಲಿ ಬೆಂಡೆ ರಾಶಿ ಬಂದಾಗ ಈರುಳ್ಳಿ, ಟೊಮೆಟೊ ಜೊತೆ ಗಂಟೆಗಟ್ಟಲೆ ಬಾಡಿಸಿ, ಫ್ರೀಜರಿಗೆ ತುಂಬಿಟ್ಟು, ಚಳಿಗಾಲದ ಗಂಬೊಗೆ ತೆಗೆಯುತ್ತಾರೆ. ನಾನೂ ಈಗ ಹಾಗೇ ಮಾಡುತ್ತೇನೆ.

ಟೊಮೆಟೊ, ಸೀಗಡಿ ಹಾಕುವುದು ನ್ಯೂ ಆರ್ಲಿಯನ್ಸ್‌ನ ಕ್ರಿಯೋಲ್ ರೀತಿ. ಲಾಫಯೆಟ್ ಕಡೆಯ ಕೇಜನ್ನರ ಮುಂದೆ ಗಂಬೊಗೆ ಟೊಮೆಟೊ ಹಾಕಿದೆ ಅಂದರೆ ಮುಖ ಸಿಂಡರಿಸುತ್ತಾರೆ. ನನಗೆ ಆ ಸಣ್ಣ ಹುಳಿ ಬೇಕೇ ಬೇಕು. ಮೂರನೇ ದಿನ ಬಿಸಿ ಮಾಡಿದರೂ ಈ ಗಂಬೊ ಹಾಗೇ ಇರುತ್ತದೆ, ಇನ್ನೂ ರುಚಿಯಾಗುತ್ತದೆ. ಭಾನುವಾರ ಮಾಡಿ ಮಂಗಳವಾರದ ಡಬ್ಬಿಯವರೆಗೆ ಎಳೆಯುವ ನಮ್ಮಂಥವರಿಗೆ ಇದಕ್ಕಿಂತ ಏನು ಬೇಕು? ಇಂಡಿಯನ್ ಅಂಗಡಿಯ ಹೆಚ್ಚಿದ ಫ್ರೋಜನ್ ಬೆಂಡೆ ಪ್ಯಾಕೆಟ್ ನನ್ನ ಆ ಕಂದು ಪುಡಿಗಿಂತ ಎಷ್ಟೋ ಅಗ್ಗ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಗಂಬೊ ಜೆರ್ಬ್ ಅಂತ ಸೊಪ್ಪಿನ ಗಂಬೊ ಇದೆ. ನ್ಯೂ ಆರ್ಲಿಯನ್ಸ್‌ನ ಡೂಕಿ ಚೇಸ್ ಹೋಟೆಲಿನಲ್ಲಿ ಲಿಯಾ ಚೇಸ್ ಅವರು ಈಸ್ಟರ್‌ಗೆ ಮುಂಚಿನ ಗುರುವಾರ ಬಡಿಸಿ ಅದನ್ನು ಪ್ರಸಿದ್ಧಿ ಮಾಡಿದರು. ಹೆಸರು ನೋಡಿ ಆರ್ಡರ್ ಮಾಡಬೇಡಿ, ಅವರ ಪಾತ್ರೆಯಲ್ಲಿ ಸೊಪ್ಪಿನ ಜೊತೆ ಮಾಂಸವೂ ಇರುತ್ತಿತ್ತು. ಕೇಳಿಯೇ ತಿನ್ನಿ. ಮನೆಯಲ್ಲಾದರೆ ಬೆಂಡೆಕಾಯಿಗೆ ಅಲಸಂದೆ ಕಾಳು ಹಾಕಿ ಮಾಡಿ, ಹೊಟ್ಟೆ ತುಂಬುತ್ತದೆ.

ಹಾಗಾಗಿ ವಾರದ ಅಡುಗೆಗೆ ಬೆಂಡೆ, ನೆಂಟರು ಬಂದಾಗ ಕೋಳಿಯ ಜೊತೆ ರೂ. ಫಿಲೇ ಬೇಕೇ ಬೇಕು ಅನ್ನುವವರು ಆನ್‌ಲೈನಿನಲ್ಲಿ ತರಿಸಬೇಡಿ. ಲೂಯಿಸಿಯಾನಾ ಕಡೆ ಹೋದಾಗ ಹಸಿರು ಬಣ್ಣ ಕಣ್ಣಾರೆ ನೋಡಿ, ಇರುವುದರಲ್ಲಿ ಚಿಕ್ಕ ಬಾಟಲಿ ತನ್ನಿ. ಬೆಂಡೆ ಹಾಕಿದ ಗಂಬೊಗೆ ಅದನ್ನು ಹಾಕಬೇಡಿ, ಎರಡೂ ಸೇರಿದರೆ ವಿಪರೀತ ಲೋಳೆಯಾಗುತ್ತದೆ.