ಜತ್ತದ ದ್ರಾಕ್ಷಿ ತೋಟಕ್ಕ ಗ್ರಾಸ್ಪ್, ಸ್ಮೆಟಾ, ಫೇರ್‌ಟ್ರೇಡ್: ಯಾವ್ದು?

ಅಣ್ಣಾರ, ಈ ಮೂರೂ ತೋಟದಾಗ ಆಳುಗಳನ್ನ ಸರಿಯಾಗಿ ನೋಡ್ಕೋತೀವಿ ಅಂತ ಖರೀದಿದಾರಗ ತೋರಸೂ ತಪಾಸಣಿ. ಯಾವ್ದು ಬೇಕಂತ ಮೊದ್ಲ ಖರೀದಿದಾರನ್ನ ಕೇಳ್ರಿ, ಅಂವ ಕೇಳಲಾರದ ಕಾಗದಕ್ಕ ರೊಕ್ಕ ಹಾಕಬ್ಯಾಡ್ರಿ.

ಖರ್ಚಿನ ಮಾತಿಗೆ ಬಂದ್ರ, ಯುರೋಪಿಗೆ ಮಾಲ ಕಳಸಾಕ ನಿಮ್ಮ ಹತ್ರ ಗ್ಲೋಬಲ್‌ಗ್ಯಾಪ್ (ಬೆಳಿ ಸುರಕ್ಷಿತವಾಗಿ ಬೆಳದಾರ ಅನ್ನೂ ತೋಟದ ಸರ್ಟಿಫಿಕೇಟ್) ಆಗಲೇ ಇದ್ರ ಗ್ರಾಸ್ಪ್ ಹಗುರ, ಅದರ ಜೋಡಿನ ಆಡಿಟ್ ಆಗ್ತೈತಿ, ಆದ್ರ ಅದೊಂದ ಬೇಕಂದ್ರ ಸಿಗೂದಿಲ್ಲ. ಸ್ಮೆಟಾ ಸರ್ಟಿಫಿಕೇಟ್ ಅಲ್ಲ, ಆಡಿಟ್ ರಿಪೋರ್ಟ್, ಪಾಸು-ಫೇಲು ಇರಂಗಿಲ್ಲ, ಸ್ಮೆಟಾ ಪದ್ಧತಿ ಮಾಡಿದ ಸೆಡೆಕ್ಸ್ ಸಂಸ್ಥೆಯ ಮೆಂಬರ್‌ಶಿಪ್ ಫೀ ಬ್ಯಾರೆ, ಆದ್ರ ಒಂದ ರಿಪೋರ್ಟ್ ನಾಕ ಖರೀದಿದಾರ್ರಿಗೆ ತೋರಸಬಹುದು. ಫೇರ್‌ಟ್ರೇಡ್‌ಗೆ ಸಣ್ಣ ರೈತ ಒಬ್ಬನ ಹೋಗಾಕ ಬರೂದಿಲ್ಲ, ಸಂಘ ಬೇಕು. ಬೆಲಿ ಮ್ಯಾಲ ಪ್ರೀಮಿಯಂ ಅಂತ ಹೆಚ್ಚಿನ ರೊಕ್ಕ ಬರೂದು ಮಾತ್ರ ಇದರಾಗ ಅಷ್ಟ, ಅದೂ ಆ ಲೇಬಲ್ ಮ್ಯಾಲ ಮಾರಿದಷ್ಟ ಮಾಲಿಗೆ.

ಖರೇ ತ್ರಾಸ ಇರೂದು ಪಗಾರದ ಲೆಕ್ಕದಾಗ. ಚಾಟ್ನಿ (ಬಳ್ಳಿ ಕತ್ತರಸೂ ಕೆಲಸ) ಮಾಡೂ ಗ್ಯಾಂಗ್ ಮುಕಾದಮನ, ಅಂದ್ರ ಆಳು ತರಾವನ, ಕಡಿಂದ ಬರ್ತೈತಿ, ರೊಕ್ಕ ಅವನ ಕೈಯಾಗ ಕೊಡ್ತೀವಿ, ಒಬ್ಬೊಬ್ಬರಿಗೆ ಎಷ್ಟ ಮುಟ್ತು ಗೊತ್ತಾಗೂದಿಲ್ಲ, ಮೂರರಾಗೂ ಆಡಿಟರ್ ಇದನ್ನ ಕೇಳ್ತಾರ, ಸ್ಮೆಟಾದಾಗಂತೂ ಆಳುಗಳನ್ನ ಬ್ಯಾರೆ ಕರದು ಮಾತಾಡಸ್ತಾರ. ನಾವು ಹಾಜರಿ ವಹಿ ಇಟ್ಟು ಹೆಸರಿನ ಮುಂದ ಹೆಬ್ಬೆಟ್ಟ ಒತ್ತಿಸಿದ ಮೊದಲ ವಾರನ, ಅದ ಕೆಲಸಕ್ಕ ಇಬ್ಬರ ಹೆಣ್ಮಕ್ಕಳಿಗೆ ಗಂಡಾಳಿಗಿಂತ ಕಮ್ಮಿ ಮುಟ್ಟೂದು ಕಣ್ಣಿಗೆ ಬಿತ್ತು, ಅವತ್ತ ಸರಿ ಮಾಡಿದ್ವಿ. ಗ್ರಾಸ್ಪ್‌ನಾಗ ಆಳುಗಳ ಪ್ರತಿನಿಧಿ, ದೂರು ಕೊಡೂ ದಾರಿ ಎರಡೂ ನೋಡ್ತಾರ.

ಹಂಗಾಗಿ ಗ್ಲೋಬಲ್‌ಗ್ಯಾಪ್ ಇರೂ ನಾಕೆಕರೆ ತೋಟಕ್ಕ ಗ್ರಾಸ್ಪ್, ಪ್ಯಾಕ್‌ಹೌಸ್ ನಡಸವರಿಗೆ ಸ್ಮೆಟಾ, ಊರಾಗ ಗಟ್ಟಿ ಸಂಘ ಇದ್ದು ಲೇಬಲ್ ಮಾಲ ತಗೊಳ್ಳೂ ಗಿರಾಕಿನೂ ಸಿಕ್ಕಿದ್ರ ಫೇರ್‌ಟ್ರೇಡ್. ಯಾವ್ದ ಮಾಡಿದ್ರೂ ಹಾಜರಿ ವಹಿ ಅಕ್ಟೋಬರ್ ಚಾಟ್ನಿಗಿಂತ ಮೊದ್ಲ ಶುರು ಮಾಡ್ರಿ.