ಕಾಣದ ಸ್ಪಾಟ್‌ಗೆ ಸೊನ್ನೆ ಹಾಕಬೇಕೇ? ಮೂರು ಜೆಲ್ ಸಾಫ್ಟ್‌ವೇರ್‌ಗಳ ಹೋಲಿಕೆ

ನನ್ನ ಹತ್ತಿರ ಎಂಟು ಟೂ-ಡಿ ಜೆಲ್‌ಗಳ ಚಿತ್ರಗಳಿದ್ದವು. ಟೂ-ಡಿ ಜೆಲ್ ಅಂದರೆ ಪ್ರೋಟೀನ್‌ಗಳನ್ನು ಎರಡು ದಿಕ್ಕಿನಲ್ಲಿ ಬೇರ್ಪಡಿಸುವ ಹಾಳೆ. ಅದರಲ್ಲಿ ಪ್ರೋಟೀನ್‌ಗಳು ಚುಕ್ಕೆಗಳಾಗಿ, ಅಂದರೆ ಸ್ಪಾಟ್‌ಗಳಾಗಿ ಕಾಣುತ್ತವೆ. ಸ್ಪಾಟ್ ದಪ್ಪವಾದಷ್ಟೂ ಪ್ರೋಟೀನ್ ಜಾಸ್ತಿ. ನಾಲ್ಕು ಕಂಟ್ರೋಲ್ (ಬಿಸಿ ತಾಗಿಸದವು), ಇನ್ನು ನಾಲ್ಕು ಬಿಸಿ ತಾಗಿಸಿದ ಇ. ಕೋಲಿಯವು. ಈ ಬ್ಯಾಕ್ಟೀರಿಯಾವನ್ನು 37 ಡಿಗ್ರಿಯಿಂದ 42ಕ್ಕೆ ಏರಿಸಿದರೆ ಗ್ರೋಇಎಲ್, ಡಿಎನ್‌ಎಕೆ ಪ್ರೋಟೀನ್‌ಗಳು ಹೆಚ್ಚುತ್ತವೆ. ಇದು ಹಳೆಯ ವಿಷಯ, ಹೊಸದೇನೂ ಅಲ್ಲ. ನನಗೆ ಬೇಕಾಗಿದ್ದೂ ಅದೇ. ಉತ್ತರ ಗೊತ್ತಿರುವ ಲೆಕ್ಕವನ್ನೇ ಕೊಟ್ಟರೆ ಸಾಫ್ಟ್‌ವೇರ್ ಹೇಗೆ ಲೆಕ್ಕ ಮಾಡುತ್ತದೆ ಅಂತ ಗೊತ್ತಾಗುತ್ತದೆ, ಅಲ್ವಾ?

ಪಿಡಿಕ್ವೆಸ್ಟ್, ಮೆಲನಿ, ಸೇಮ್‌ಸ್ಪಾಟ್ಸ್ ಮೂರಕ್ಕೂ ಅದೇ 16 ಬಿಟ್ ಟಿಫ್ ಚಿತ್ರಗಳನ್ನು ಹಾಕಿದೆ. ಮೊದಲ ಎರಡರಲ್ಲಿ ನನ್ನ ಹತ್ತಿರ ಇದ್ದದ್ದು ಹಳೆಯ ಆವೃತ್ತಿಗಳು. ಚಿತ್ರ ಅಳೆಯುವ ಇಮೇಜ್‌ಜೆ ಸಾಫ್ಟ್‌ವೇರ್ ಯಾಕೆ ಬಿಟ್ಟೆ ಅಂತ ಕೇಳಬಹುದು. ಅದು ಉಚಿತ, ವೆಸ್ಟರ್ನ್ ಬ್ಲಾಟ್‌ನ (ಒಂದು ಪ್ರೋಟೀನನ್ನು ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ನಾಲ್ಕಾರು ಲೇನ್, ಅಂದರೆ ಸಾಲು, ಅಳೆಯಲು ನಾನು ಇವತ್ತಿಗೂ ಅದನ್ನೇ ತೆಗೆಯುತ್ತೇನೆ. ಆದರೆ ಅದರ ಜೆಲ್ ಮೆನು ಲೇನ್‌ಗಳ ಗ್ರಾಫ್ ಕೊಟ್ಟು ಸುಮ್ಮನಾಗುತ್ತದೆ. ಯಾವ ಲೇನ್ ಯಾವ ಗುಂಪಿನದು ಅನ್ನೋದನ್ನು ಸ್ಪ್ರೆಡ್‌ಶೀಟ್‌ನಲ್ಲಿ ನಾವೇ ಬರೆದುಕೊಳ್ಳಬೇಕು. ನೂರಾರು ಸ್ಪಾಟ್‌ಗಳಿಗೆ ಅದು ಆಗದ ಮಾತು.

ಗುಂಪು ಮಾಡುವ ಕೆಲಸ ಮೂರರಲ್ಲೂ ಸುಲಭ. ಪಿಡಿಕ್ವೆಸ್ಟ್‌ನಲ್ಲಿ ಎಲ್ಲ ಜೆಲ್‌ಗಳನ್ನು ಒಂದು ಮ್ಯಾಚ್‌ಸೆಟ್‌ಗೆ ಸೇರಿಸಿ, ಒಳಗೆ ರೆಪ್ಲಿಕೇಟ್ (ಒಂದೇ ಸ್ಥಿತಿಯ ಪುನರಾವರ್ತನೆ) ಗುಂಪುಗಳನ್ನು ಮಾಡುತ್ತೀರಿ. ಮೆಲನಿಯಲ್ಲಿ ಇದಕ್ಕೆ ಕ್ಲಾಸ್ ಅಂತ ಹೆಸರು. ಸೇಮ್‌ಸ್ಪಾಟ್ಸ್ ಗುಂಪಿಗಿಂತ ಮೊದಲು ಪ್ರಯೋಗದ ವಿನ್ಯಾಸ ಕೇಳುತ್ತದೆ: ಜೆಲ್‌ಗಳು ಬೇರೆ ಬೇರೆ ಮಾದರಿಗಳವೇ, ಅಥವಾ ಒಂದೇ ಮಾದರಿಯನ್ನು ಮತ್ತೆ ಮತ್ತೆ ಅಳೆದದ್ದೇ ಅಂತ. ಈ ಪ್ರಶ್ನೆ ನನಗೆ ಹಿಡಿಸಿತು. ಯಾಕೆಂದರೆ ಹಿಂದೊಮ್ಮೆ ಒಂದೇ ಕಲ್ಚರ್‌ನಿಂದ ಎರಡು ಜೆಲ್ ಓಡಿಸಿ, ಎರಡನ್ನೂ ಬೇರೆ ಬೇರೆ ರೆಪ್ಲಿಕೇಟ್ ಅಂತ ಎಣಿಸಿದ ಜಾಣ ನಾನೇ. ಪಿ ಬೆಲೆ (ನಿಜವಾಗಿ ಏನೂ ಬದಲಾಗದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಆಗಲೇ ಅನುಮಾನ ಪಡಬೇಕಿತ್ತು.

ನಿಜವಾದ ವ್ಯತ್ಯಾಸ ಇರುವುದು ಬೇರೆ ಕಡೆ. ಒಂದು ಸ್ಪಾಟ್ ಗುಂಪಿನ ಮೂರು ಜೆಲ್‌ಗಳಲ್ಲಿದೆ, ನಾಲ್ಕನೆಯದರಲ್ಲಿ ಕಾಣುತ್ತಿಲ್ಲ. ಈಗೇನು ಮಾಡಬೇಕು?

ಲೆಕ್ಕಕ್ಕೆ ಸುಲಭವಾಗಲಿ ಅಂತ ಅಂಕಿಗಳನ್ನು ಸರಳ ಮಾಡಿ ಹೇಳುತ್ತೇನೆ. ಕಂಟ್ರೋಲ್‌ನಲ್ಲಿ ಆ ಸ್ಪಾಟ್‌ನ ಪ್ರಮಾಣ ಎಲ್ಲ ಜೆಲ್‌ನಲ್ಲೂ 500. ಬಿಸಿ ತಾಗಿದ ಗುಂಪಿನಲ್ಲಿ 900, 1000, 1100, ಮತ್ತೊಂದು ಖಾಲಿ. ಖಾಲಿಯನ್ನು ಸೊನ್ನೆ ಅಂದುಕೊಂಡರೆ ಸರಾಸರಿ 750, ಅಂದರೆ ಒಂದೂವರೆ ಪಟ್ಟು. ಎರಡು ಪಟ್ಟಿನ ಗೆರೆ ಹಾಕಿದ್ದರೆ ಸ್ಪಾಟ್ ಪಟ್ಟಿಯಿಂದ ಹೊರಗೆ. ಖಾಲಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಸರಾಸರಿ 1000, ಸರಿಯಾಗಿ ಎರಡು ಪಟ್ಟು, ಒಳಗೆ. ಪ್ರೋಟೀನ್ ಅದೇ, ಜೆಲ್ ಅದೇ. ಸೊನ್ನೆ ಹಾಕಿದ್ದೋ ಬಿಟ್ಟಿದ್ದೋ, ಅಷ್ಟೇ ವ್ಯತ್ಯಾಸ.

ಪಿಡಿಕ್ವೆಸ್ಟ್, ಹಳೆಯ ಮೆಲನಿ ಎರಡೂ ಮೊದಲು ಪ್ರತಿ ಜೆಲ್‌ನಲ್ಲಿ ಸ್ಪಾಟ್ ಹುಡುಕಿ, ಆಮೇಲೆ ಜೋಡಿ ಕೂಡಿಸುತ್ತವೆ. ಹೀಗಾಗಿ ಖಾಲಿ ಜಾಗಗಳು ಬಂದೇ ಬರುತ್ತವೆ. ಜೆಲ್‌ಗಳು ಜಾಸ್ತಿಯಾದಂತೆ ಖಾಲಿಗಳೂ ಜಾಸ್ತಿ. ಜೋಡಿ ಸರಿಯಾಗಿದೆಯೇ ಅಂತ ನೋಡುವುದರಲ್ಲೇ ನನ್ನ ಎರಡು ದಿನ ಹೋಯಿತು. ಆದರೂ ಪಿಡಿಕ್ವೆಸ್ಟ್‌ನ ಸೆಟ್‌ಗಳು ನನಗೆ ಇಷ್ಟ. ಎರಡು ಪಟ್ಟು ಬದಲಾದವು ಒಂದು ಸೆಟ್, ಎರಡು ಗುಂಪುಗಳ ಸರಾಸರಿ ಹೋಲಿಸುವ ಟಿ-ಟೆಸ್ಟ್ ದಾಟಿದವು ಇನ್ನೊಂದು, ಒಂದೇ ಗುಂಪಿನಲ್ಲಿ ಕಾಣಿಸಿಕೊಂಡವು ಮತ್ತೊಂದು. ಆಮೇಲೆ ಬೂಲಿಯನ್ ಸೆಟ್‌ನಲ್ಲಿ ಇವನ್ನು ಕೂಡಿಸಬಹುದು, ಕಳೆಯಬಹುದು. ‘ಇದೂ ಇರಬೇಕು, ಅದೂ ಇರಬೇಕು’ ಅಂತ ಇಷ್ಟು ನೇರವಾಗಿ ಕೇಳುವ ದಾರಿ ಉಳಿದೆರಡರಲ್ಲಿ ನನಗೆ ಸಿಗಲಿಲ್ಲ. ಮೆಲನಿಯಲ್ಲಿ ಕ್ಲಾಸ್‌ಗಳ ಅಂಕಿಗಳ ಪಟ್ಟಿ ಸ್ವಚ್ಛವಾಗಿದೆ. ಅದರಾಚೆ ಹೆಚ್ಚು ಹೇಳುವುದಿಲ್ಲ.

ಸೇಮ್‌ಸ್ಪಾಟ್ಸ್‌ನದು ತಿರುಗುಮುರುಗು. ಮೊದಲು ಚಿತ್ರಗಳನ್ನೇ ಎಳೆದು ಬಗ್ಗಿಸಿ ಒಂದರ ಮೇಲೊಂದು ಕೂರಿಸುತ್ತದೆ. ಆಮೇಲೆ ಒಂದೇ ಸ್ಪಾಟ್ ನಕ್ಷೆಯನ್ನು ಎಲ್ಲ ಜೆಲ್‌ಗಳ ಮೇಲೂ ಇಡುತ್ತದೆ. ಆದ್ದರಿಂದ ಖಾಲಿ ಅನ್ನೋದೇ ಇಲ್ಲ, ಪ್ರತಿ ಜಾಗಕ್ಕೂ ಒಂದು ಅಂಕಿ ಬರುತ್ತದೆ. ಅಂಕಿಅಂಶಕ್ಕೆ ಇದು ದೊಡ್ಡ ಉಪಕಾರ, ಸೊನ್ನೆಗೆ ಲಾಗ್ ತೆಗೆಯಲು ಆಗುವುದಿಲ್ಲವಲ್ಲ. ಆದರೆ ಚಿತ್ರ ಸರಿಯಾಗಿ ಕೂರದಿದ್ದರೆ ಪಕ್ಕದ ಸ್ಪಾಟ್‌ನ ಅಂಚು, ಇಲ್ಲವೇ ಬರೀ ಹಿನ್ನೆಲೆ ಅಂಕಿಯಾಗಿ ಒಳಗೆ ಬರುತ್ತದೆ. ಖಾಲಿಯಿದ್ದರೆ ಕಣ್ಣಿಗೆ ಚುಚ್ಚುತ್ತಿತ್ತು. ಅಂಕಿ ಚುಚ್ಚುವುದಿಲ್ಲ. ಹಾಗಾಗಿ ಚಿತ್ರವನ್ನು ಎತ್ತ ಎಳೆಯಬೇಕು ಅಂತ ತೋರಿಸುವ ಅಲೈನ್‌ಮೆಂಟ್ ವೆಕ್ಟರ್‌ಗಳಿಗೆ ಅರ್ಧ ದಿನ ಕೊಡಿ, ಅಲ್ಲಿ ಆತುರ ಬೇಡ.

ಅದರ ಪಿಸಿಎ ಚಿತ್ರ (ಒಂದೇ ತೆರನಾದ ಜೆಲ್‌ಗಳನ್ನು ಹತ್ತಿರ ಹತ್ತಿರ ಕೂರಿಸುವ ನಕ್ಷೆ) ನನ್ನ ಮಾನ ತೆಗೆಯಿತು. ಗುಂಪುಗಳು ಚೆನ್ನಾಗಿ ಬೇರೆಯಾಗಿವೆ ಅಂತ ಮೊದಲು ಖುಷಿಪಟ್ಟೆ. ಆಮೇಲೆ ನೋಟ್‌ಬುಕ್ ನೋಡಿದರೆ, ಮೂರು ಕಂಟ್ರೋಲ್ ಒಂದು ದಿನ ಓಡಿಸಿದ್ದೆ, ಮಿಕ್ಕ ಐದು ಇನ್ನೊಂದು ದಿನ. ಎರಡನೆಯ ದಿನದ ಆ ಒಂದು ಕಂಟ್ರೋಲ್ ಬಿಸಿ ತಾಗಿದವುಗಳ ಪಕ್ಕದಲ್ಲೇ ಕೂತಿತ್ತು! ಬೇರೆಯಾಗಿದ್ದರಲ್ಲಿ ಬಿಸಿಯ ಪಾಲೆಷ್ಟು, ದಿನದ ಪಾಲೆಷ್ಟು ಅಂತ ಯಾವ ಸಾಫ್ಟ್‌ವೇರೂ ಬಿಡಿಸಿ ಕೊಡಲಾರದು.

ಗ್ರೋಇಎಲ್ ಮೂರರಲ್ಲೂ ಏರಿತು, ಆದರೆ ಎಷ್ಟು ಪಟ್ಟು ಅನ್ನೋದು ಮೂರರಲ್ಲೂ ಬೇರೆ. ಒಂದು ಕಾರಣ ನಾರ್ಮಲೈಸೇಶನ್, ಅಂದರೆ ಎಲ್ಲ ಜೆಲ್‌ಗಳ ಅಂಕಿಗಳನ್ನು ಒಂದೇ ಅಳತೆಗೆ ತರುವುದು. ಸ್ಪಾಟ್‌ನ ಪ್ರಮಾಣವನ್ನು ಎಲ್ಲ ಸ್ಪಾಟ್‌ಗಳ ಒಟ್ಟು ಮೊತ್ತದಿಂದ ಭಾಗಿಸಿದರೆ, ಗ್ರೋಇಎಲ್‌ನಂಥ ದಪ್ಪ ಸ್ಪಾಟ್ ಉಬ್ಬಿದಾಗ ಉಳಿದವೆಲ್ಲ ತೆಳ್ಳಗಾದಂತೆ ಕಾಣುತ್ತವೆ. ಇನ್ನೊಂದು ಕಾರಣ ನನ್ನ ಸ್ಕ್ಯಾನ್. 16 ಬಿಟ್‌ನಲ್ಲಿ 65,536 ಮಟ್ಟಗಳಿದ್ದರೂ ಗ್ರೋಇಎಲ್‌ನ ನಡುಭಾಗ ತುದಿ ಮುಟ್ಟಿ ಚಪ್ಪಟೆಯಾಗಿತ್ತು. ಅಲ್ಲಿಂದಾಚೆ ಎಷ್ಟು ಏರಿದರೂ ಲೆಕ್ಕಕ್ಕೆ ಸಿಗದು.

ಇನ್ನೊಂದು ಮಾತು. ಸಾವಿರ ಸ್ಪಾಟ್‌ಗಳ ಪಿ ಬೆಲೆಗೆ 0.05ರ ಗೆರೆ ಹಾಕಿದರೆ, ಏನೂ ಬದಲಾಗದಿದ್ದರೂ ಸುಮಾರು 50 ಸ್ಪಾಟ್ ಸುಮ್ನೆ ದಾಟುತ್ತವೆ. ಪಿ ಜೊತೆಗೆ, ಇಂಥ ಸುಳ್ಳು ಪತ್ತೆಗಳ ಪಾಲನ್ನು ಅಂದಾಜಿಸುವ ಕ್ಯೂ ಬೆಲೆಯನ್ನೂ ತೋರಿಸುವ ಸೇಮ್‌ಸ್ಪಾಟ್ಸ್ ಇಲ್ಲಿ ಮುಂದೆ. ಉಳಿದೆರಡರ ಅಂಕಿಗಳನ್ನು ಆರ್ ಎಂಬ ಅಂಕಿಅಂಶದ ಸಾಫ್ಟ್‌ವೇರ್‌ಗೆ ಕೊಂಡೊಯ್ದು ನಾನೇ ತಿದ್ದಿಕೊಂಡೆ.

ಒಂದನ್ನೇ ಆರಿಸು ಅಂದರೆ ನಾನು ಸೇಮ್‌ಸ್ಪಾಟ್ಸ್ ತೆಗೆದುಕೊಳ್ಳುತ್ತೇನೆ, ಪಿಡಿಕ್ವೆಸ್ಟ್‌ನ ಸೆಟ್‌ಗಳ ನೆನಪಲ್ಲಿ ಸ್ವಲ್ಪ ಗೊಣಗುತ್ತಾ. ಮೇಲೆ ಹೇಳಿದ ಆ ಖಾಲಿ ಸ್ಪಾಟ್‌ಗೆ ಸೇಮ್‌ಸ್ಪಾಟ್ಸ್ ಒಂದು ಸಣ್ಣ ಅಂಕಿ ಕೊಟ್ಟಿತ್ತು. ಮೂಲ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಆ ಜಾಗದಲ್ಲಿ ಅಡ್ಡಕ್ಕೆ ಎಳೆದುಕೊಂಡ ಒಂದು ಗೀರು. ಸ್ಪಾಟ್ ಅದರಡಿ ಇರಬಹುದು, ಇಲ್ಲದಿರಬಹುದು. ಸೊನ್ನೆಯೂ ತಪ್ಪು, ಬಂದ ಅಂಕಿಯೂ ತಪ್ಪು. ಆ ಜೆಲ್ ಮತ್ತೆ ಓಡಿಸಬೇಕು. ಈ ಸಲ ಕಂಟ್ರೋಲ್ ಜೊತೆಗೇ, ಒಂದೇ ಟ್ಯಾಂಕ್‌ನಲ್ಲಿ.